ತಿಗಣೆಗೆ ಮಾತ್ರೆ ಇಡಬೇಡಿ, ನೀರು ಕಾಯಿಸಿ

ಮಾನ್ಯರೆ,

ತಿಗಣೆಗೆ ಔಷಧಿ ಹೊಡೆದ ರೂಮಿನಲ್ಲಿ ಮಲಗಿ ಜೀವ ಕಳೆದುಕೊಂಡವರ ಸುದ್ದಿಯನ್ನು ನಮ್ಮ ಬೆಂಗಳೂರಿನಲ್ಲೇ ಓದಿದ್ದೇವೆ. ಎರಡು ದಿನ ಅಯ್ಯೋ ಅಂದು ಮರೆತುಬಿಡುತ್ತೇವೆ. ಆದರೆ ಕಾಳು ಕೆಡದಿರಲಿ ಎಂದು ಗೋದಾಮಿನಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಮಂಚದ ಕೆಳಗೆ ಇಡುವವರು ಇನ್ನೂ ಇದ್ದಾರೆ. ಗಾಳಿಯ ತೇವ ತಾಗಿದರೆ ಸಾಕು, ಅದು ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ, ಬಾಗಿಲ ಸಂದಿಯಿಂದ ಪಕ್ಕದ ಕೋಣೆಗೂ ಹೋಗುತ್ತದೆ. ತಿಗಣೆ ಕಚ್ಚಿದರೆ ತುರಿಕೆ, ಗಂದೆ, ರಾತ್ರಿಯಿಡೀ ಜಾಗರಣೆ ಎಲ್ಲ ನಿಜ. ಆದರೆ ಅದು ಮನುಷ್ಯರಿಗೆ ರೋಗ ಹರಡಿದ್ದು ಕಂಡುಬಂದಿಲ್ಲ. ಅಂಥ ಹುಳಕ್ಕೆ ಜೀವ ತೆಗೆಯುವ ಮಾತ್ರೆ ಯಾಕೆ?

ಹಾಗಂತ ಮೊಬೈಲ್ ವಿಡಿಯೋಗಳಲ್ಲಿ ಬರುವ 'ನೈಸರ್ಗಿಕ' ಉಪಾಯಗಳನ್ನೆಲ್ಲ ನಂಬಬೇಕಾಗಿಲ್ಲ. ಕರ್ಪೂರ, ಪುದೀನ, ನೀಲಗಿರಿ ಎಣ್ಣೆ ಇಟ್ಟರೆ ಮನೆ ಘಮ್ ಅನ್ನುತ್ತದೆ, ತಿಗಣೆ ಸಂದಿಯೊಳಗೆ ಹಾಯಾಗಿರುತ್ತದೆ. ಬೇವಿನೆಣ್ಣೆ ನೇರವಾಗಿ ಮೈಗೆ ತಾಗಿದ ಕೆಲವು ಸಾಯಬಹುದು, ಅಷ್ಟೇ. ಬೋರಿಕ್ ಪೌಡರ್ ಅಂತೂ ಸುಮ್ನೆ ದಂಡ. ಜಿರಳೆ ಅದನ್ನು ತಿಂದು ಸಾಯುತ್ತದೆ, ತಿಗಣೆಗೆ ರಕ್ತ ಬಿಟ್ಟು ಬೇರೆ ಆಹಾರವೇ ಇಲ್ಲವಲ್ಲ! ಬಾಲ್ಕನ್ ದೇಶಗಳಲ್ಲಿ ಹಿಂದೆ ರಾತ್ರಿ ಮಂಚದ ಸುತ್ತ ಬೀನ್ಸ್ ಎಲೆ ಹರಡಿ, ಬೆಳಿಗ್ಗೆ ತಿಗಣೆ ಸಮೇತ ಸುಡುತ್ತಿದ್ದರಂತೆ. ಎಲೆಯ ಮೇಲಿರುವ ಕೊಕ್ಕೆಯಂಥ ಸಣ್ಣ ರೋಮಗಳು ಅದರ ಕಾಲಿಗೆ ಚುಚ್ಚಿ ಹಿಡಿದುಕೊಳ್ಳುತ್ತವೆ ಎಂದು 2013ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಉಪಾಯ ಚೆನ್ನಾಗಿದೆ, ಆದರೆ ಮೊಟ್ಟೆ ಇದ್ದಲ್ಲೇ ಇರುತ್ತದೆ.

ನಿಜವಾಗಿ ಕೆಲಸ ಮಾಡುವುದು ಬಿಸಿ. 50 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖ ಚೆನ್ನಾಗಿ ತಾಗಿದರೆ ತಿಗಣೆಯೂ ಉಳಿಯುವುದಿಲ್ಲ, ಮೊಟ್ಟೆಯೂ ಉಳಿಯುವುದಿಲ್ಲ. ಹಿಂದಿನವರು ಮಂಚವನ್ನು ಅಂಗಳಕ್ಕೆ ಎಳೆದು ಸಂದುಸಂದಿಗೂ ಕುದಿಯುವ ನೀರು ಸುರಿಯುತ್ತಿದ್ದದ್ದು ಇದಕ್ಕೇ. ಈಗಿನ ಪ್ಲೈವುಡ್ ಮಂಚಕ್ಕೆ ನೀರು ಸುರಿದರೆ ಉಬ್ಬುತ್ತದೆ, ಅದಕ್ಕೆ ಹಬೆ ಬಿಡುವ ಇಸ್ತ್ರಿ ಪೆಟ್ಟಿಗೆಯೇ ವಾಸಿ. ಮೊದಲು ಹುಡುಕಬೇಕು. ರಾತ್ರಿ ಟಾರ್ಚ್ ಹಿಡಿದು ಹಾಸಿಗೆಯ ಹೊಲಿಗೆಯಲ್ಲಿ ಹಳೇ ಎಟಿಎಂ ಕಾರ್ಡೊಂದನ್ನು ಮೆಲ್ಲಗೆ ಎಳೆಯಿರಿ. ಕಪ್ಪು ಚುಕ್ಕೆಗಳು ಕಾಣಿಸಿದರೆ ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಕೆಂಗಂದು ಬಣ್ಣ ಹರಡಿದರೆ ಅದು ತಿಗಣೆಯ ಹಿಕ್ಕೆ, ನಿಮ್ಮದೇ ರಕ್ತ. ಪಕ್ಕದಲ್ಲೇ ಒಂದು ಮಿಲಿಮೀಟರ್ ಉದ್ದದ ಬಿಳಿ ಮೊಟ್ಟೆಗಳು ಅಂಟಿಕೊಂಡಿರುತ್ತವೆ, ಕೊಡವಿದರೆ ಬೀಳುವುದಿಲ್ಲ. ಅಲ್ಲಿಗೇ ಹಬೆ ಹಿಡಿಯಬೇಕು, ನಿಧಾನವಾಗಿ, ಒಂದು ಬೆರಳಗಲವೂ ಬಿಡದೆ. ಹೊದಿಕೆ, ದಿಂಬಿನ ಕವರು, ಪರದೆಗಳನ್ನು 60 ಡಿಗ್ರಿ ನೀರಿನಲ್ಲಿ ಒಗೆಯಿರಿ.

ಹಾಸಿಗೆಯನ್ನು ಟೆರೇಸ್ ಮೇಲೆ ಒಣಹಾಕಿದರೆ ಆಯ್ತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಬಿಸಿಲು ಬಿದ್ದ ಕಡೆಯಿಂದ ತಿಗಣೆ ನೆರಳಿನ ಕಡೆಗೆ ಸರಿದುಕೊಳ್ಳುತ್ತದೆ, ಹಾಸಿಗೆಯ ಒಳಗೆ ಬಿಸಿ ಇಳಿಯುವುದೂ ಇಲ್ಲ, ಅದರಲ್ಲೂ ಜುಲೈನಲ್ಲಿ ನಮ್ಮೂರಿನ ಬಿಸಿಲು ಯಾವ ಲೆಕ್ಕಕ್ಕೂ ಇಲ್ಲ, ಅಲ್ವಾ? ಒಗೆಯಲಾಗದ ಸಣ್ಣಪುಟ್ಟ ವಸ್ತುಗಳನ್ನು ಕವರಿನಲ್ಲಿ ಕಟ್ಟಿ ಮೈನಸ್ 18 ಡಿಗ್ರಿ ಇರುವ ಫ್ರೀಜರಿನಲ್ಲಿ ನಾಲ್ಕು ದಿನ ಇಡಬಹುದು. ಮಂಚವನ್ನು ಗೋಡೆಯಿಂದ ದೂರ ಸರಿಸಿ, ನಾಲ್ಕು ಕಾಲಿಗೂ ಸೋಪಿನ ನೀರಿನ ಬಟ್ಟಲು ಇಡಿ. ಒಂದು ಸಲ ಮಾಡಿ ಕೈತೊಳೆದುಕೊಂಡರೆ ಆಗಲಿಲ್ಲ. ಮೊಟ್ಟೆ ಒಡೆಯಲು ಒಂದು ವಾರ, ಹತ್ತು ದಿನ ಬೇಕು. ತಪ್ಪಿಸಿಕೊಂಡದ್ದು ಹೊರಗೆ ಬರುವ ಹೊತ್ತಿಗೆ ಮತ್ತೆ ಹಬೆ ಹಿಡಿಯಬೇಕು. ಮನೆ ಖಾಲಿ ಬಿಟ್ಟು ಊರಿಗೆ ಹೋದರೂ ಪ್ರಯೋಜನವಿಲ್ಲ, ತಿಂಗಳುಗಟ್ಟಲೆ ಉಪವಾಸ ಇರುವ ಜೀವ ಅದು.

ಪಿ.ಜಿ.ಗಳ ಕಥೆಯೇ ಬೇರೆ. ಅಲ್ಲಿ ಒಂದು ರೂಮಿಗೆ ಮಾತ್ರ ಔಷಧಿ ಹೊಡೆಸುತ್ತಾರೆ, ತಿಗಣೆ ಸ್ವಿಚ್ ಬೋರ್ಡ್, ಪೈಪಿನ ತೂತುಗಳ ಮೂಲಕ ಪಕ್ಕದ ರೂಮಿಗೆ ಶಿಫ್ಟ್ ಆಗುತ್ತದೆ. ಹೇಳಿದ ಹುಡುಗನಿಗೇ ಓನರ್‌ನಿಂದ "ನೀನೇ ಊರಿಂದ ತಂದಿದ್ದು" ಅಂತ ಬೈಗುಳ. ತಿಗಣೆಗೂ ಕೊಳಕಿಗೂ ಅಂಥ ಸಂಬಂಧವೇನೂ ಇಲ್ಲ. ಬಸ್ಸಿನ ಸೀಟು, ಸೂಟ್‌ಕೇಸು, ಸೆಕೆಂಡ್ ಹ್ಯಾಂಡ್ ಸೋಫಾ, ಯಾವುದರಲ್ಲಾದರೂ ಬರಬಹುದು. ಬೈಯುವ ಬದಲು ಆ ರೂಮು, ಅಕ್ಕಪಕ್ಕ, ಮೇಲೆ ಕೆಳಗೆ ಎಲ್ಲ ಒಟ್ಟಿಗೆ ನೋಡಿಸಲಿ.

ಪಿ.ಜಿ.ಗಳಲ್ಲಿ ಒಬ್ಬರಿಗೆ 70 ಚದರ ಅಡಿ ಜಾಗ ಇರಬೇಕು, ಸಿಸಿಟಿವಿ ಇರಬೇಕು ಎಂದೆಲ್ಲ 2024ರಲ್ಲೇ ಬಿಬಿಎಂಪಿ ನಿಯಮ ಮಾಡಿತ್ತು. ಈಗ ಒಂದಿದ್ದ ಪಾಲಿಕೆ ಐದಾಗಿದೆ. ಪರಿಶೀಲನೆಗೆ ಬರುವ ಅಧಿಕಾರಿಗಳು ಕ್ಯಾಮೆರಾ ಎಣಿಸಿ ಹೋಗದೆ ಹಾಸಿಗೆಯ ಮೂಲೆಯನ್ನೂ ಎತ್ತಿ ನೋಡಲಿ. ಔಷಧಿ ಹೊಡೆಸಿದರೆ ಯಾವ ಔಷಧಿ, ಎಷ್ಟು ಹೊತ್ತು ಒಳಗೆ ಹೋಗಬಾರದು ಎಂದು ಕನ್ನಡದಲ್ಲೂ, ಅಲ್ಲಿರುವವರಿಗೆ ಗೊತ್ತಿರುವ ಭಾಷೆಯಲ್ಲೂ ಬರೆದು ಬಾಗಿಲಿಗೆ ಅಂಟಿಸುವುದನ್ನು ಓನರ್‌ಗಳಿಗೆ ಕಡ್ಡಾಯ ಮಾಡಲಿ.

– ಓದುಗಿ, ಮತ್ತಿಕೆರೆ, ಬೆಂಗಳೂರು