ಬಲ್ಬಿನ ಗ್ರಾಫ್ ಬಾಗಿತು ಅಂತ ಹೆದರಬೇಡ ಪುಟ್ಟಿ

ಪುಟ್ಟಿ,

ನಿನ್ನ ಪತ್ರ ಬಂತು. ಉಳಿದದ್ದೆಲ್ಲ ಸರಿ, ಒಂದು ಸಾಲು ಮಾತ್ರ ನಿದ್ದೆ ಕೆಡಿಸಿತು. ಲ್ಯಾಬಿನಲ್ಲಿ ಎಷ್ಟು ವೋಲ್ಟಿಗೆ ಎಷ್ಟು ಕರೆಂಟ್ ಅಂತ ಎಳೆದ ಗ್ರಾಫ್ ಎಲ್ಲರದ್ದೂ ನೆಟ್ಟಗೆ ಬಂತು, ನಿನ್ನದು ಬಾಗಿತು, ಅದಕ್ಕೆ ಸೈನ್ಸ್ ಬಿಟ್ಟು ಕಾಮರ್ಸ್ ತಗೊಳ್ಳಲಾ ಅಂತ ಕೇಳಿದ್ದೀಯಲ್ಲ.

ಬಾಗಿದ್ದು ಬಲ್ಬಿನ ಗ್ರಾಫ್ ಅಲ್ವಾ? ಅದು ಬಾಗಲೇಬೇಕು ಮಾರಾಯ್ತಿ. ಕರೆಂಟ್ ಜಾಸ್ತಿ ಆದ ಹಾಗೆ ಒಳಗಿನ ಟಂಗ್‌ಸ್ಟನ್ ತಂತಿ ಕಾಯುತ್ತದೆ, ಕಾದಷ್ಟೂ ರೋಧ, ಅಂದರೆ ಕರೆಂಟನ್ನು ತಡೆಯುವ ಗುಣ, ಏರುತ್ತದೆ. ನೀನೇ ಬರೆದ ರೀಡಿಂಗ್ ನೋಡು: 1 ವೋಲ್ಟಿಗೆ 0.2 ಆಂಪಿಯರ್, ಭಾಗಿಸಿದರೆ ರೋಧ 5 ಓಮ್. 6 ವೋಲ್ಟಿಗೆ 0.5, ಅಂದರೆ 12 ಓಮ್. ಬಲ್ಬ್ ಅದೇ. ಉಳಿದವರಿಗೆ ಕಾದರೂ ರೋಧ ಅಷ್ಟಾಗಿ ಬದಲಾಗದ ನೈಕ್ರೋಮ್ ತಂತಿ ಸಿಕ್ಕಿರಬೇಕು, ಇಲ್ಲಾ ರೀಡಿಂಗ್ ಸುಮ್ನೆ ತಿದ್ದಿರಬೇಕು.

ನನ್ನ ಮುಂಬಯಿ ಫೋರ್ಟಿನ ನೈಟ್ ಸ್ಕೂಲ್ ಕಥೆ ನಿನಗೆ ಗೊತ್ತು. ಅಲ್ಲಿ ಲ್ಯಾಬೇ ಇರಲಿಲ್ಲ ಅನ್ನುವುದು ಗೊತ್ತಿರಲಿಕ್ಕಿಲ್ಲ. ಮೇಷ್ಟ್ರು ಬೋರ್ಡಿನ ಮೇಲೆ ಸ್ಕೇಲ್ ಇಟ್ಟು ಒಂದು ಗೆರೆ ಎಳೆದು, ವೋಲ್ಟ್ ಏರಿದ ಪ್ರಮಾಣದಲ್ಲೇ ಕರೆಂಟ್ ಏರುತ್ತದೆ, ಓಮನ ನಿಯಮ, 1827, ಬರ್ಕೊಳ್ಳಿ ಅಂದರು. ದಿನವಿಡೀ ಹೋಟೆಲಿನಲ್ಲಿ ದುಡಿದು ಬಂದ ಹುಡುಗರು ನಾವು, ತೂಕಡಿಸುತ್ತಲೇ ಬರೆದುಕೊಂಡೆವು. ಮೀಟರ್ ಮುಟ್ಟಿದ್ದು ಡೊಂಬಿವಲಿಯ ಮೋಟಾರ್ ವೈಂಡಿಂಗ್ ಅಂಗಡಿ ಸೇರಿದ ಮೇಲೆಯೇ. ಅಲ್ಲಿ 60 ವ್ಯಾಟಿನ ಬಲ್ಬಿಗೆ ಮಲ್ಟಿಮೀಟರ್ ಹಿಡಿದರೆ 100 ಓಮ್ ಕೂಡ ತೋರಿಸಲಿಲ್ಲ, 230 ವೋಲ್ಟಿನ ಲೆಕ್ಕದಲ್ಲಿ ಸುಮಾರು 880 ಇರಬೇಕು. ಅಂಗಡಿಯವರೆಲ್ಲ ಮೀಟರಿಗೇ ಬೈದರು. ತಣ್ಣಗಿರುವಾಗಿನ ರೋಧ ಬೇರೆ, ಉರಿಯುವಾಗಿನದು ಬೇರೆ ಅಂತ ಹೇಳುವವರು ಒಬ್ಬರೂ ಇರಲಿಲ್ಲ. ಓದುವ ವಯಸ್ಸಿನಲ್ಲಿ ನನ್ನ ಕೈಯಾರೆ ಒಂದು ಗ್ರಾಫ್ ಎಳೆಯಲಿಲ್ಲವಲ್ಲ ಅನ್ನುವ ಕೊರಗು ಈಗಲೂ ಇದೆ. ಅಂಥಾದ್ದರಲ್ಲಿ ನೀನು ಎಳೆದ ಗೆರೆಗೆ ನೀನೇ ಹೆದರಿ ಕೂತರೆ ಹೇಗೆ?

ಆ ಬಾಗಿದ ಗೆರೆಯ ಮೇಲೆ ಸ್ಕೇಲ್ ಇಡಬೇಡ. ಯಾವ ಬಿಂದುವಿನಲ್ಲಿ ರೋಧ ಬೇಕೋ ಅಲ್ಲಿನ ವೋಲ್ಟನ್ನು ಅಲ್ಲಿನ ಕರೆಂಟಿನಿಂದ ಭಾಗಿಸು, ಗೆರೆಯ ಸ್ಲೋಪ್ (ಇಳಿಜಾರು) ತೆಗೆಯಬೇಡ. ನೈಕ್ರೋಮಿಗಾದರೆ ಸ್ಲೋಪೇ ರೋಧ, ಅದೂ ವೋಲ್ಟ್ ಮೇಲ್ಮುಖದ ಅಕ್ಷದಲ್ಲಿದ್ದರೆ. ಅಕ್ಷ ಅದಲು ಬದಲಾಗಿದ್ದರೆ 1ನ್ನು ಸ್ಲೋಪಿನಿಂದ ಭಾಗಿಸಬೇಕು. ಇದೆಲ್ಲ ನಿಮ್ಮ ಮೇಡಂ ಹೇಳಿಯೇ ಇರುತ್ತಾರೆ, ನಾನು ಮಧ್ಯೆ ಬಾಯಿ ಹಾಕಿದೆ. ಹಾಂ, ಶುರು ಮಾಡುವ ಮುಂಚೆ ಮೀಟರಿನ ಮುಳ್ಳು ಸೊನ್ನೆಯಲ್ಲಿದೆಯಾ ನೋಡಿಕೋ.

ಕಾಮರ್ಸ್ ಇಷ್ಟ ಇದ್ದರೆ ತಗೋ, ನಾನು ಬೇಡ ಅನ್ನುವುದಿಲ್ಲ. ಬಲ್ಬಿನ ಕಾರಣಕ್ಕೆ ಮಾತ್ರ ಬೇಡ. ಗ್ರಾಫ್ ಹರಿದು ಹಾಕಬೇಡ, ಹಾಗೇ ಜರ್ನಲ್ಲಿಗೆ ಅಂಟಿಸು. ಯಾಕೆ ಬಾಗಿದೆ ಅಂತ ಮೇಡಂ ಕೇಳಿದರೆ, ತಂತಿ ಕಾದಿತ್ತು ಅಂತ ಹೇಳು.

ನಿನ್ನ ಮಾವ