ಹುರುಳಿಯೋ ಬಂಗುಡೆಯೋ: ಜಗಳಕ್ಕೆ ಮುಂಚೆ ಇಷ್ಟು ಓದಿ

ಗುಂಪಿನ ಎಲ್ಲರಿಗೂ ನಮಸ್ಕಾರ. ಮೀನಿಗಿಂತ ಹುರುಳಿಯಲ್ಲೇ ಪ್ರೋಟೀನ್ ಹೆಚ್ಚು ಎಂಬ ಚಿತ್ರವನ್ನು ನಿನ್ನೆಯಿಂದ ಐದಾರು ಮಂದಿ ಹಂಚಿದ್ದೀರಿ. ಲೆಕ್ಕ ಸುಳ್ಳಲ್ಲ, ಆದರೆ ಅರ್ಧ ಮಾತ್ರ.

100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಹಸಿ ಬಂಗುಡೆಯಲ್ಲಿ 19ರ ಆಸುಪಾಸು. ಆದರೆ ಒಣ ಹುರುಳಿಯನ್ನು ಯಾರೂ ಜಗಿಯುವುದಿಲ್ಲವಲ್ಲ! ಬೆಂದ ಕಾಳು ನೀರು ಹೀರಿ ಉಬ್ಬುತ್ತದೆ. ಹಾಗಾಗಿ 100 ಗ್ರಾಂ ಬೆಂದ ಕಾಳಿನಲ್ಲಿ ಸಿಗುವುದು ಹೆಚ್ಚುಕಡಿಮೆ ಅದರ ಮೂರನೇ ಒಂದು ಪಾಲು. ಇನ್ನು ಕಟ್ಟನ್ನಷ್ಟೇ ಬಸಿದು ಸಾರು ಮಾಡಿ, ಕಾಳನ್ನು ಕೊಟ್ಟಿಗೆಗೆ ಸಾಗಿಸುವ ಮನೆಗಳಲ್ಲಿ (ನಮ್ಮದೂ ಒಂದು) ಪ್ರೋಟೀನಿನ ದೊಡ್ಡ ಪಾಲು ಎಮ್ಮೆಗೇ ಸೇರುತ್ತದೆ. ಕಾಳನ್ನು ಉಳಿಸಿಕೊಂಡು ಪಲ್ಯ ಮಾಡಿ.

ಬಂಗುಡೆ, ಬೂತಾಯಿಗಳಲ್ಲಿರುವ ಬಿ12 ಜೀವಸತ್ವ ಕಾಳುಗಳಲ್ಲಿ ಇಲ್ಲ. ಡಿಎಚ್‌ಎ ಎಂಬ ಒಮೇಗಾ-3 ಕೊಬ್ಬೂ ಅಷ್ಟೇ. ಮೀನು ಮುಟ್ಟದವರು ಬಿ12ಗಾಗಿ ಹಾಲು, ಮೊಸರು ಬಿಡಬೇಡಿ. ನಾರಿನಂಶದಲ್ಲಿ ಮಾತ್ರ ಮೀನಿಗೆ ಸೊನ್ನೆ ಅಂಕ. ಪ್ರೋಟೀನ್ ಹಲವು ಅಮೈನೋ ಆಮ್ಲಗಳಿಂದ ಆಗಿರುತ್ತದೆ; ಅವುಗಳಲ್ಲಿ ಕಾಳಿನಲ್ಲಿ ಕಡಿಮೆಯಿರುವ ಮೆಥಿಯೊನಿನ್ ಅಕ್ಕಿಯಲ್ಲಿದೆ, ಅಕ್ಕಿಯಲ್ಲಿ ಕಡಿಮೆಯಿರುವ ಲೈಸಿನ್ ಕಾಳಿನಲ್ಲಿದೆ. ಅಕ್ಕಿರೊಟ್ಟಿಗೆ ಕಾಳುಪಲ್ಯ ಒಳ್ಳೆಯ ಜೋಡಿ.

ಜೂನ್, ಜುಲೈನಲ್ಲಿ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಘಟ್ಟ ಹತ್ತುವ ಹಸಿಮೀನು ಕಡಿಮೆ. ಆಗ ಒಣಮೀನೇ ಗತಿ ಎನ್ನುವವರು ಉಪ್ಪನ್ನು ಚೆನ್ನಾಗಿ ತೊಳೆಯಿರಿ. ರಕ್ತದೊತ್ತಡ ಇರುವವರು ಮಳೆಗಾಲದಲ್ಲಿ ಹುರುಳಿಯ ಕಡೆಗೇ ವಾಲುವುದು ಮೇಲು. ಮೂತ್ರಪಿಂಡದ ತೊಂದರೆ ಇರುವವರು ಎರಡನ್ನೂ ವೈದ್ಯರನ್ನು ಕೇಳಿಯೇ ತಿನ್ನಬೇಕು.

ಆ ಚಿತ್ರವನ್ನು ಇನ್ನೊಮ್ಮೆ ಹಾಕಿದರೆ ಅಳಿಸುತ್ತೇನೆ, ಬೇಸರಿಸಬೇಡಿ.