ಗೆಳೆಯನಿಗೊಂದು ಪತ್ರ: ಅಮ್ಮನಿಗೆ ಓದಲಾಗದ ಆ ಅರ್ಜಿ

ಪ್ರಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದೆ, "ತಂಗಿ ಹೋದ ಮೇಲೂ ಯಾಕೋ ಆ ಕಚೇರಿಗಳಿಗೆ ಅಲೀತೀಯ?" ಆಗ ನನಗೆ ಮಾತೇ ಹೊರಡಲಿಲ್ಲ.

ನಮ್ಮ ಕಾಸರಗೋಡಿನ ಎಣ್ಮಕಜೆಯ ಗುಡ್ಡಗಳ ಮೇಲೆ ಹೆಲಿಕಾಪ್ಟರ್ ಸುತ್ತುತ್ತಿದ್ದುದು ನಿನಗೂ ನೆನಪಿದೆ ಅಲ್ವಾ? ಗೇರು ತೋಟಕ್ಕೆ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷ ಸಿಂಪಡಿಸುತ್ತಿದ್ದರು. 2000ದವರೆಗೂ ನಡೆಯಿತು. ನಾವು ಕೈ ಬೀಸುತ್ತಾ ಅದರ ಹಿಂದೆ ಓಡುತ್ತಿದ್ದೆವು. ನೀರಿಗೆಂದು ಅದೇ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರನ್ನೇ ಅಮ್ಮ ಕುಡಿದದ್ದು, ತಂಗಿ ಹೊಟ್ಟೆಯಲ್ಲಿದ್ದಾಗಲೂ. ತಂಗಿ ಒಂದು ದಿನವೂ ನಡೆಯಲಿಲ್ಲ. ಅವಳಿಗೆ ಹದಿನಾಲ್ಕಾದರೂ ಅಮ್ಮ ಬೀಡಿ ಕಟ್ಟುತ್ತಾ ಕಾಲಲ್ಲಿ ಅವಳ ಜೋಲಿ ತೂಗುತ್ತಿದ್ದರು.

ಈ ವಿಷದ ಸಂತ್ರಸ್ತರನ್ನು ಗುರುತಿಸುವ ಶಿಬಿರದಲ್ಲಿ ಕೊಟ್ಟ ಅರ್ಜಿ ಪೂರ್ತಿ ಮಲಯಾಳದಲ್ಲಿತ್ತು. ಅಮ್ಮನಿಗೆ ಬರುವುದು ತುಳು, ಕನ್ನಡ. ತೋರಿಸಿದಲ್ಲಿ ಸಹಿ ಹಾಕಿದರು. ಸಂತ್ರಸ್ತರ ಪಟ್ಟಿಯಲ್ಲಿ ತಂಗಿಯ ಹೆಸರು ಬರಲಿಲ್ಲ. ಯಾಕೆಂದು ತಿಳಿಯಲು ನಮಗೆ ಎರಡು ವರ್ಷ ಬೇಕಾಯಿತು: ರೇಷನ್ ಕಾರ್ಡಿನಲ್ಲಿ ಅಪ್ಪನ ಹೆಸರು ಒಂದು ರೀತಿ, ಡಾಕ್ಟರ ಚೀಟಿಯಲ್ಲಿ ಇನ್ನೊಂದು ರೀತಿ. ಅಷ್ಟೇ. ಸಂತ್ರಸ್ತರಿಗೆ 3 ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದಾಗ ತಂಗಿ ಇರಲಿಲ್ಲ. ಪೇಪರಿನಲ್ಲಿ ಅದನ್ನು ಓದಿದ ದಿನ ಅಮ್ಮ ಊಟ ಮಾಡಲಿಲ್ಲ.

ನನಗೆ ಕೋಪ ಈಗಲೂ ಇದೆ. ಆದರೆ ಆಚೆಮನೆಯ ಹುಡುಗ ತನ್ನ ಅಣ್ಣನ ಅರ್ಜಿ ವಾಪಸು ಬಂತೆಂದು ಹಿಡಿದು ಬಂದಾಗ, ತಪ್ಪು ಎಲ್ಲಿದೆ ಎಂದು ನೋಡಿದ ಕೂಡಲೇ ಗೊತ್ತಾಯಿತು. ಇಬ್ಬರೂ ಕೂತು ಸರಿಮಾಡಿದೆವು.

ಈಗ ಭಾನುವಾರ ಏಳು ಮಕ್ಕಳು ಬರುತ್ತಾರೆ, ಎಲ್ಲ ಪ್ಲಸ್ ಟು ಓದುವವರು. ಭಾಷಣ ಕಲಿಸುವುದಿಲ್ಲ. ಅರ್ಜಿ ಕೊಟ್ಟರೆ ರಶೀದಿ ತಗೊಳ್ಳಿ, ಹೆಸರಿನ ಅಕ್ಷರ ಎಲ್ಲ ಕಾಗದದಲ್ಲೂ ಒಂದೇ ಇರಲಿ, ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಸಂವಿಧಾನದ 350ನೇ ವಿಧಿಯನ್ನು ಬಾಯಿಪಾಠ ಮಾಡಿಸಿದ್ದೇನೆ. ಕಷ್ಟ ಹೇಳಿಕೊಳ್ಳಲು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಕೊಡಬಹುದು ಎಂದು ಅದರಲ್ಲಿದೆ. ಕನ್ನಡದಲ್ಲಿ ಬರೆಯಲು ನಾವು ಯಾಕೆ ಅಂಜಬೇಕು? ಇನ್ನೊಂದು ಮಾತು ಮಾತ್ರ ಕಟ್ಟುನಿಟ್ಟು: ಮಲಗಿರುವ ಮಕ್ಕಳ ಫೋಟೋ ತೆಗೆಯಬಾರದು. ನಮ್ಮ ಮನೆಗೆ ಬಂದು ಫೋಟೋ ತೆಗೆದವರು ಎಷ್ಟೋ ಜನ. ಅರ್ಜಿ ಓದಿ ಹೇಳಿದವರು ಒಬ್ಬರೂ ಇಲ್ಲ.

ಕಳೆದ ವಾರ ಒಬ್ಬಳು ಹುಡುಗಿ ತನ್ನ ಅಜ್ಜಿಯ ಪಕ್ಕ ಕೂತು ಮಲಯಾಳದ ಒಂದೊಂದೇ ಸಾಲನ್ನು ತುಳುವಿನಲ್ಲಿ ಹೇಳಿದಳು. ಅಜ್ಜಿ ಎಲ್ಲ ಕೇಳಿದ ಮೇಲೆಯೇ ಪೆನ್ನು ಹಿಡಿದರು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ರಜೆಗೆ ಬಂದಾಗ ನನಗೊಂದು ಭಾನುವಾರ ಕೊಡು. ಬೈಕ್ ತಾ. ಗುಡ್ಡದ ಮೇಲಿನ ಎರಡು ಮನೆಗೆ ಇನ್ನೂ ಹೋಗಲಾಗಿಲ್ಲ.

ನಿನ್ನ ಗೆಳೆಯ